ಸಹಾಯ ಬೇಕು: ಅವ್ವನ ಮಣಿ ತೋರಣಕ್ಕೆ ಯಾವ ದಾರ?

ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ಅವ್ವ ಮದುವೆಗೆ ಮುಂಚೆ ಕೈಯಾರೆ ಪೋಣಿಸಿದ್ದ ಮಣಿ ತೋರಣ ನಮ್ಮ ತಲೆಬಾಗಿಲಲ್ಲಿತ್ತು. ಸಾಲಾಗಿ ಹಸಿರು ಗಿಳಿ, ಕೊಕ್ಕಿಗೆ ಒಂದೊಂದೇ ಕೆಂಪು ಮಣಿ. ಮೊನ್ನೆ ಧೂಳು ಹೊಡೆಯೋವಾಗ ಹಳೇ ಹತ್ತಿ ದಾರ ಪುಡಿಯಾಗಿ ಎರಡು ಗಿಳಿ ಪೂರ್ತಿ ಉದುರಿದ್ವು. ಮಣಿ ಒಂದೂ ಬಿಡದೆ ಆರಿಸಿ ಡಬ್ಬಿಯಲ್ಲಿಟ್ಟಿದೀನಿ.

ತಂಗೂಸಿ (ನೈಲಾನ್) ದಾರದಲ್ಲಿ ಪೋಣಿಸಿ ನೋಡಿದೆ. ಗಂಟು ಜಾರುತ್ತೆ, ಗಿಳಿ ಸೆಟೆದು ನಿಲ್ಲುತ್ತೆ. ಹತ್ತಿ ದಾರ ಎರಡೆಳೆ ಮಾಡಿದ್ರೆ ಸೂಜಿ ಎರಡನೇ ಸಲ ಮಣಿಯೊಳಗೆ ತೂರಲ್ಲ, ಬಲವಂತಕ್ಕೆ ಮೂರು ಗಾಜಿನ ಮಣಿ ಒಡೆದ್ವು, ತುಂಬಾ ಸಂಕಟ ಆಯ್ತು. ಮಂಡಿಪೇಟೆಲಿ ಕೇಳಿದ್ರೆ ಹೊಸ ಪ್ಲಾಸ್ಟಿಕ್ ತೋರಣ ತಗೊಳ್ಳಿ ಅಂತಾರೆ. ನನಗೆ ಬೇಕಿರೋದು ಅವ್ವನದೇ.

ಮಣಿ ಕೆಲಸ ಗೊತ್ತಿರೋ ಅಕ್ಕಂದಿರು ಹೇಳಿ: ಒಂಟಿ ಎಳೆ ಹತ್ತಿ ದಾರಕ್ಕೆ ಜೇನುಮೇಣ ಸವರಿ ಪೋಣಿಸಿದ್ರೆ ಭಾರ ತಡೆಯುತ್ತಾ, ಇಲ್ಲಾ ಬೇರೆ ಯಾವ ದಾರ ತರಲಿ? ಉಳಿದ ಗಿಳಿಗಳನ್ನೂ ಈಗಲೇ ಬಿಚ್ಚಬೇಕಾ?