ಪದಚರ್ಚೆ: ‘ಬಾಯಿ ಮುಚ್ಚಿ’ ಎನ್ನದೆ ತುಟಿ ಸೇರಿಸಲು ಹೇಳುವುದು ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ಬಾಯಿ ಮತ್ತು ಮುಖದ ಸ್ನಾಯುಗಳನ್ನು, ಜೊತೆಗೆ ಉಸಿರಾಟದ ರೂಢಿಯನ್ನು ತಿದ್ದುವ ವ್ಯಾಯಾಮಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ. ವೈದ್ಯರು ಮಯೊಫಂಕ್ಷನಲ್ ಥೆರಪಿ ಎಂದು ಕರೆಯುವುದು ಇದನ್ನೇ. ಬಾಯಿ ತೆರೆದು ಮಲಗುವ ಮಕ್ಕಳಿಗೆ, ನುಂಗುವಾಗಲೆಲ್ಲ ನಾಲಿಗೆಯಿಂದ ಮುಂದಿನ ಹಲ್ಲುಗಳನ್ನು ದೂಡುವವರಿಗೆ, ಗೊರಕೆಯಿಂದಲೋ ನಿದ್ದೆಯಲ್ಲಿ ಉಸಿರು ಕಟ್ಟುವುದರಿಂದಲೋ ಬಳಲುವವರಿಗೆ ಇದನ್ನು ಕಲಿಸುತ್ತಾರೆ. ವಿಷಯ ಕಷ್ಟದ್ದಲ್ಲ, ಪದಗಳು ಕಾಡುತ್ತಿವೆ. ಕೆಲವಕ್ಕೆ ನನ್ನದೊಂದು ಉತ್ತರವಿದೆ, ಕೆಲವಕ್ಕೆ ನಿಮ್ಮ ನೆರವು ಬೇಕು.

ಮೊದಲ ಕರಡಿನ ಮೊದಲ ಸೂಚನೆಯನ್ನು ‘ಬಾಯಿ ಮುಚ್ಚಿ, ಮೂಗಿನಿಂದ ಉಸಿರಾಡಿ’ ಎಂದು ಬರೆದಿದ್ದೆ. ಗೊರಕೆಗಾಗಿ ಇದೇ ವ್ಯಾಯಾಮಗಳನ್ನು ಮಾಡುತ್ತಿರುವ ನಮ್ಮ ದೊಡ್ಡಮ್ಮನಿಗೆ ಅದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೇನು ಮಾತಾಡಿದೆನೆಂದು ಬಾಯಿ ಮುಚ್ಚಲು ಹೇಳುತ್ತಾರೆ?” ಎಂದು ಕೇಳಿದರು. ಬಹುವಚನ ಹಾಕಿದ್ದರೂ ಆ ಮಾತಿನ ಪೆಟ್ಟು ಕಡಿಮೆಯಾಗಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕರಡನ್ನೆಲ್ಲ ಮತ್ತೆ ತಿರುವಿ ನೋಡಿದಾಗ ಅರ್ಧಕ್ಕರ್ಧ ಸೂಚನೆಗಳು ಗದರಿಕೆಯಂತೆ ಕೇಳಿಸಿದವು.

ಬಾಯಿಯ ಜೊತೆ ಸೇರುವ ನಮ್ಮ ಕ್ರಿಯಾಪದಗಳೆಲ್ಲ ಆಗಲೇ ಬೇರೆ ಕೆಲಸಕ್ಕೆ ಹೋಗಿಬಿಟ್ಟಿವೆ. ಬಾಯಿ ಬಿಟ್ಟರೆ ಗುಟ್ಟು ಹೊರಬಿತ್ತು. ಬಾಯಿ ಕಟ್ಟಿದರೆ ಪಥ್ಯ. ಬಾಯಿ ಮಾಡಿದರೆ ಜಗಳ. ಬಾಯಿ ಹಾಕಿದರೆ ಅಧಿಕಪ್ರಸಂಗ. ನಾಲಿಗೆಯದೂ ಇದೇ ಪಾಡು. ‘ನಾಲಿಗೆಯ ಮೇಲೆ ಹಿಡಿತವಿರಲಿ’ ಎಂದು ಬರೆದರೆ ಅದು ಸ್ನಾಯುವಿನ ಮಾತೆಂದು ಯಾರಿಗೂ ಹೊಳೆಯುವುದಿಲ್ಲ. ತುಟಿಗೂ ‘ತುಟಿ ಬಿಚ್ಚು’ ಎಂಬುದುಂಟು. ಆದರೆ ‘ತುಟಿ ಸೇರಿಸು’ ಇನ್ನೂ ತನ್ನ ನೇರ ಅರ್ಥದಲ್ಲೇ ಉಳಿದುಕೊಂಡಿದೆ. ಹಾಗಾಗಿ ಎಲ್ಲ ಕಡೆಯೂ ‘ತುಟಿಗಳನ್ನು ಹಗುರವಾಗಿ ಸೇರಿಸಿ’ ಎಂದು ತಿದ್ದಿದ್ದೇನೆ. ಇದು ಮರ್ಯಾದೆಯ ಪ್ರಶ್ನೆಯಷ್ಟೇ ಅಲ್ಲ, ಅರ್ಥವೂ ಇದರಲ್ಲೇ ಹೆಚ್ಚು ಸರಿಯಾಗಿದೆ. ಇಲ್ಲಿ ಬೇಕಾದದ್ದು ತುಟಿ ಸೇರಿರುವುದು, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಮಾತ್ರ ಸ್ವಲ್ಪ ಬಿಡುವಿರುವುದು. ಬಾಯಿ ಮುಚ್ಚಲು ಹೇಳಿದರೆ ಜನ ಹಲ್ಲು ಕಚ್ಚಿಬಿಡುತ್ತಾರೆ.

ಉಸಿರಿನ ವಿಷಯದಲ್ಲಿ ಕನ್ನಡ ಉದಾರವಾಗಿದೆ. ನಿಟ್ಟುಸಿರು, ಏದುಸಿರು ಇರುವ ನುಡಿಯಲ್ಲಿ ‘ಮೂಗುಸಿರು’, ‘ಬಾಯುಸಿರು’ ಎಂದರೆ ಯಾರಿಗೂ ತೊಡಕಾಗದೆಂದು ನಂಬಿದ್ದೇನೆ. ಈ ಎರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು, ಏಕೆಂದರೆ ಎರಡೂ ಒಂದೇ ಉಸಿರಲ್ಲ. ಮೂಗು ಗಾಳಿಯನ್ನು ಸೋಸಿ, ಬೆಚ್ಚಗಾಗಿಸಿ, ತೇವಗೊಳಿಸಿ ಒಳಗೆ ಕಳುಹಿಸುತ್ತದೆ. ಮೂಗಿನ ಸುತ್ತಲಿನ ಮೂಳೆಯ ಕುಳಿಗಳಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಕೂಡ ಆ ಗಾಳಿಯೊಂದಿಗೆ ಶ್ವಾಸಕೋಶಕ್ಕೆ ಇಳಿದು ಅಲ್ಲಿನ ರಕ್ತನಾಳಗಳನ್ನು ಸಡಿಲಿಸುತ್ತದೆ. ಬಾಯುಸಿರಿಗೆ ಈ ಯಾವುದೂ ಸಿಗುವುದಿಲ್ಲ.

ಈಗ ನಿಜವಾಗಿ ತಲೆ ಕೆಡಿಸಿರುವ ಪದಕ್ಕೆ ಬರುತ್ತೇನೆ: ‘ಅಭ್ಯಾಸ’. ಕನ್ನಡದಲ್ಲಿ ಇದು ಅಂಟಿಕೊಂಡಿರುವ ನಡವಳಿಕೆಯೂ ಹೌದು, ಬೇಕೆಂದೇ ಮಾಡುವ ತಾಲೀಮೂ ಹೌದು. ‘ಬಾಯುಸಿರಿನ ಅಭ್ಯಾಸ’ ಎಂದರೆ ಬಿಡಿಸಬೇಕಾದದ್ದು, ‘ಮೂಗುಸಿರಿನ ಅಭ್ಯಾಸ’ ಎಂದರೆ ದಿನವೂ ಮಾಡಬೇಕಾದದ್ದು. ಒಂದು ಕಡೆ ‘ಹಳೆಯ ಅಭ್ಯಾಸವನ್ನು ಬಿಡಿಸುವ ಅಭ್ಯಾಸ’ ಎಂದೇ ಬರೆದು ಕೈಬಿಟ್ಟೆ. ಬಿಡಿಸಬೇಕಾದದ್ದನ್ನು ‘ಚಾಳಿ’ ಎನ್ನಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ಅದನ್ನು ನಾನು ಒಪ್ಪಲಾರೆ. ಚಾಳಿ ಎಂದ ಕೂಡಲೇ ತಪ್ಪು ಮಗುವಿನದಾಗುತ್ತದೆ. ಮೂಗಿನ ಹಿಂಬದಿಯಲ್ಲಿ ಅಡಿನಾಯ್ಡ್ ಎಂಬ ಮೆತ್ತನೆಯ ಅಂಗಾಂಶ ಊದಿಕೊಂಡು ದಾರಿ ಕಟ್ಟಿರುವ ಮಗು ಬಾಯಿಯಿಂದ ಉಸಿರಾಡುವುದು ಚಾಳಿಯಿಂದಲ್ಲ, ಬದುಕಲೇಬೇಕಾದ್ದರಿಂದ. ಆ ಅಡ್ಡಿಯನ್ನು ವೈದ್ಯರು ನೋಡಿ ನಿವಾರಿಸಿದ ಮೇಲೂ ಬಾಯಿ ತೆರೆದೇ ಇದ್ದರೆ ಆಗ ಅದು ರೂಢಿ. ಕೈಪಿಡಿಯೂ ಇದನ್ನು ಒತ್ತಿ ಹೇಳುತ್ತದೆ: ಮೂಗು ಕಟ್ಟಿದವರಿಂದ ಬಲವಂತವಾಗಿ ತುಟಿ ಸೇರಿಸುವಂತಿಲ್ಲ. ಇಂಥ ಎಚ್ಚರಿಕೆಯಿರುವ ಪುಟದಲ್ಲೇ ‘ಚಾಳಿ’ ಎಂದು ಅಚ್ಚಾದರೆ ತಂದೆತಾಯಿಯರು ಮಗುವನ್ನು ಬೈಯುವುದಕ್ಕೆ ನಾವೇ ಮಾತು ಕೊಟ್ಟಂತಾಗುತ್ತದೆ.

ಹಾಗಾಗಿ ನನ್ನ ಒಲವು ‘ರೂಢಿ’ಯ ಕಡೆಗೆ. ಅದರಲ್ಲಿ ದೂಷಣೆ ಇಲ್ಲ. ಅದರ ಬೆನ್ನಿಗೇ ‘ರೂಢಿಸಿಕೊಳ್ಳು’ ಎಂಬ ಕ್ರಿಯಾಪದ ಸಿದ್ಧವಾಗಿದೆ; ಹಳೆಯ ರೂಢಿ ಹೋಗಿ ಹೊಸದನ್ನು ರೂಢಿಸಿಕೊಳ್ಳಬಹುದು. ತಾಲೀಮಿಗೆ ಸಂಗೀತದವರ ‘ಸಾಧಕ’ ಬಹಳ ಇಷ್ಟವಾಗಿತ್ತು, ಆದರೆ ಇಂದಿನ ಓದುಗರಿಗೆ ಸಾಧಕ ಎಂದರೆ ಸನ್ಮಾನ ಪಡೆಯುವ ವ್ಯಕ್ತಿ. ಸದ್ಯಕ್ಕೆ ‘ವ್ಯಾಯಾಮ’ ಎಂದೇ ಬಿಟ್ಟಿದ್ದೇನೆ.

‘ಸ್ನಾಯು’ವಿನ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ, ಮರಾಠಿಯಲ್ಲಿ ಇದು ಮಾಂಸಖಂಡ. ಹಿಂದಿಯಲ್ಲಿ ಸ್ನಾಯುತಂತ್ರ ಎಂದರೆ ನರಮಂಡಲ, ಬಂಗಾಳಿಯಲ್ಲೂ ಸ್ನಾಯು ಎಂದರೆ ನರ. ಸುಶ್ರುತ ಸಂಹಿತೆ 900 ಸ್ನಾಯುಗಳನ್ನೂ 500 ಪೇಶಿಗಳನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಅಲ್ಲಿ ಸ್ನಾಯು ಕಟ್ಟುವ ತಂತು, ಮಾಂಸಖಂಡವೆಂದರೆ ಪೇಶಿ. ಆಯುರ್ವೇದ ಓದಿದವರು ಇದನ್ನೇ ಹಿಡಿದು ‘ಪೇಶಿ’ ಬಳಸಿರೆಂದು ಒತ್ತಾಯಿಸುತ್ತಾರೆ. ಅವರ ವಾದ ಸರಿ. ಆದರೆ ಶಾಲೆಯ ಪುಸ್ತಕದಿಂದ ಪತ್ರಿಕೆಯವರೆಗೆ ಸ್ನಾಯು ನಮ್ಮಲ್ಲಿ ನೆಲೆ ನಿಂತಾಗಿದೆ, ಅದನ್ನು ಕದಲಿಸುವುದು ಈ ಕೈಪಿಡಿಯ ಕೆಲಸವಲ್ಲ. ಅಂದಹಾಗೆ ಮಯೊಫಂಕ್ಷನಲ್‌ನಲ್ಲಿರುವ ‘ಮಯೊ’ ಎಂದರೆ ಸ್ನಾಯು; ಅದರ ಮೂಲವಾದ ಗ್ರೀಕ್ ಪದಕ್ಕೆ ಇಲಿ ಎಂಬ ಅರ್ಥವೂ ಇದೆ, ನಮ್ಮ ಮೂಷಕಕ್ಕೆ ಅದು ನಂಟು. ಚರ್ಮದ ಕೆಳಗೆ ಓಡಾಡುವ ಮಾಂಸದಲ್ಲಿ ಅವರು ಇಲಿಯನ್ನು ಕಂಡರು, ಕಾಲಿನ ‘ಮೀನಖಂಡ’ದಲ್ಲಿ ನಾವು ಮೀನನ್ನು ಕಂಡೆವು. ಎಷ್ಟು ಚೆನ್ನಾದ ಕಣ್ಣುಗಳು!

ಇಡೀ ಪದ್ಧತಿಗೆ ‘ಬಾಯಿ-ಮುಖ ಸ್ನಾಯುಗಳ ಮರುರೂಢಿ ಚಿಕಿತ್ಸೆ’ ಎಂಬ ಹೆಸರನ್ನು ಮುಂದಿಡುತ್ತಿದ್ದೇನೆ. ಉದ್ದವಾಯಿತೆಂದು ನನಗೂ ಅನ್ನಿಸುತ್ತದೆ. ‘ಬಲವರ್ಧನೆ’ ಎಂಬುದನ್ನು ಬೇಕೆಂದೇ ದೂರವಿಟ್ಟೆ, ಏಕೆಂದರೆ ಇಲ್ಲಿ ಬಲಕ್ಕಿಂತ ದೊಡ್ಡದು ಇರುವ ಬಲವನ್ನು ಎಚ್ಚರವಿಲ್ಲದ ಹೊತ್ತಿನಲ್ಲೂ ಸರಿಯಾಗಿ ಬಳಸುವುದು. ‘ಚಿಕಿತ್ಸೆ’ ತೀರಾ ದೊಡ್ಡ ಮಾತಾಯಿತೇ ಎಂದು ಕೆಲವರು ಕೇಳಬಹುದು. ಬ್ರೆಜಿಲ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿದ್ದೆಯಲ್ಲಿ ಉಸಿರುಕಟ್ಟುವ ಮಧ್ಯಮ ಮಟ್ಟದ ತೊಂದರೆಯಿದ್ದ 31 ಜನರಿದ್ದರು. ಅವರಲ್ಲಿ ಮೂರು ತಿಂಗಳು ಈ ವ್ಯಾಯಾಮ ಮಾಡಿದವರಿಗೆ ಗಂಟೆಗೆ ಸುಮಾರು 22 ಸಲ ಆಗುತ್ತಿದ್ದ ಉಸಿರಿನ ತಡೆ 14ರ ಆಸುಪಾಸಿಗೆ ಇಳಿಯಿತು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಉಸಿರಿನ ತಡೆ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇಳಿಕೆ ನಿಜ, ಪೂರ್ತಿ ಗುಣವಲ್ಲ. ಆದ್ದರಿಂದ ‘ಚಿಕಿತ್ಸೆ’ ಸಲ್ಲುತ್ತದೆ, ‘ಪರಿಹಾರ’ ಸಲ್ಲುವುದಿಲ್ಲ. ನಿದ್ದೆಯಲ್ಲಿ ಉಸಿರಿಗೆ ನೆರವಾಗಲೆಂದು ವೈದ್ಯರು ಕೊಟ್ಟ ಯಂತ್ರವನ್ನೋ ಔಷಧವನ್ನೋ ಬಿಡಬಹುದೆಂಬ ಭಾವನೆ ಒಂದು ಪದದಿಂದಲೂ ಮೂಡಬಾರದು.

ಇನ್ನು ನಾಲಿಗೆ ಸುಮ್ಮನಿರುವಾಗ ಇರಬೇಕಾದ ಜಾಗ. ತುದಿ ಮೇಲಿನ ಬಾಚಿಹಲ್ಲುಗಳ ಹಿಂದೆ, ಹಲ್ಲಿಗೆ ತಾಗದಂತೆ, ಒಸಡಿನ ಸಣ್ಣ ಉಬ್ಬಿನ ಮೇಲೆ. ಉಳಿದ ಮೈ ಅಂಗುಳಕ್ಕೆ ಮೆತ್ತಗೆ ಅಂಟಿಕೊಂಡು. ಇದಕ್ಕೆ ‘ಭಂಗಿ’ ಎಂದರೆ ಕ್ಷಣಕಾಲ ನಿಂತದ್ದು, ‘ನಿಲುವು’ ಎಂದರೆ ಅಭಿಪ್ರಾಯ, ‘ಸ್ಥಾನ’ ಎಂದರೆ ವ್ಯಾಕರಣದ ಉಚ್ಚಾರಣಾಸ್ಥಾನದೊಂದಿಗೆ ಗೊಂದಲ. ‘ನಾಲಿಗೆಯ ನೆಲೆ’ ಎಂದು ಬರೆದಾಗ ಮನಸ್ಸಿಗೆ ಸಮಾಧಾನವಾಯಿತು. ಕೆಲಸ ಮುಗಿಸಿ ಮರಳಿ ಬರುವ ಜಾಗ ತಾನೇ ನೆಲೆ? ಮಾತು, ಊಟ, ನುಂಗುವಿಕೆ ಮುಗಿದ ಮೇಲೆ ನಾಲಿಗೆ ಅಲ್ಲಿಗೇ ಮರಳಬೇಕು.

ಆ ನೆಲೆಯನ್ನು ತೋರಿಸಿಕೊಡಲು ನಮ್ಮ ವರ್ಣಮಾಲೆಯೇ ಸಾಕು. ‘ನ’ ಎನ್ನಲು ಹೊರಟು ದನಿ ಹೊರಡಿಸದೆ ನಿಂತರೆ ತುದಿ ಬಹುಮಟ್ಟಿಗೆ ಅಲ್ಲೇ ಇರುತ್ತದೆ; ಹಲ್ಲಿಗೆ ತಾಗಿದರೆ ಕೂದಲೆಳೆಯಷ್ಟು ಹಿಂದೆ ಸರಿಸಿದರಾಯಿತು. ನಾಲಿಗೆಯ ಹಿಂಭಾಗ ಮೇಲೇರಬೇಕೆಂದು ಹೇಳಲು ‘ಙ’ ಇದೆ. ಬರೆಯುವಾಗ ಕಾಣಿಸದ ಈ ಅಕ್ಷರ ‘ಅಂಗಳ’ ಎನ್ನುವಾಗ ಅನುಸ್ವಾರದಲ್ಲಿ ಅಡಗಿ ಕುಳಿತಿದೆ. ದೊಡ್ಡಮ್ಮನಿಗೆ ‘ಅಂ’ ಎಂಬಲ್ಲಿಗೆ ನಿಲ್ಲಿಸಿ ‘ಗ’ ಬರುವ ಮುಂಚೆ ನಾಲಿಗೆ ಎಲ್ಲಿದೆ ನೋಡಿ ಎಂದೆ. ಅವರಿಗೆ ಚಿತ್ರ ನೋಡಿ ತಿಳಿಯದಿದ್ದದ್ದು ಆಗ ತಿಳಿಯಿತು.

ಉಳಿದವು ಚಿಕ್ಕವು. ನಿದ್ದೆಯ ತೊಂದರೆಗೆ ಬಳಕೆಯಲ್ಲಿರುವ ‘ಉಸಿರುಕಟ್ಟುವಿಕೆ’ ಚೆನ್ನಾಗಿದೆ, ಬದಲಿಸಿಲ್ಲ. ಹಲ್ಲಿಗೆ ನಾಲಿಗೆ ಒತ್ತಿ ನುಂಗುವುದಕ್ಕೆ ‘ನಾಲಿಗೆದೂಡು’ ಎಂದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.

ಒಂದಕ್ಕೆ ಮಾತ್ರ ನನ್ನ ಬಳಿ ಏನೂ ಇಲ್ಲ. ನಾಲಿಗೆಯನ್ನೆಲ್ಲ ಅಂಗುಳಕ್ಕೆ ಹೀರಿ ಹಿಡಿದು, ಒಮ್ಮೆಲೇ ಬಿಟ್ಟು ಕುದುರೆಯ ಗೊರಸಿನಂಥ ಸದ್ದು ಹೊರಡಿಸುವ ವ್ಯಾಯಾಮವಿದು. ‘ಲೊಚಗುಟ್ಟು’ ಎಂದರೆ ಮರುಕದ ಸದ್ದಾಗುತ್ತದೆ, ಅದರಲ್ಲಿ ನಾಲಿಗೆಯ ತುದಿಯಷ್ಟೇ ಕೆಲಸ ಮಾಡುತ್ತದೆ. ‘ಚಪ್ಪರಿಸು’ ಎಂದರೆ ರುಚಿಯ ಮಾತು. ಮಕ್ಕಳೆಲ್ಲ ಆಟಕ್ಕೆ ಮಾಡುವ ಈ ಸದ್ದಿಗೆ ನಿಮ್ಮ ಮನೆಯಲ್ಲಿ ಯಾವ ಪದ ಬಳಸುತ್ತೀರಿ? ಕ್ರಿಯಾಪದವಾಗಿ ನಡೆಯುವಂಥದ್ದು ಬೇಕು, ಸೂಚನೆಯಲ್ಲಿ ‘ಹತ್ತು ಸಲ’ ಎಂಬುದರ ಮುಂದೆ ಅದನ್ನು ಬರೆಯಬೇಕಾಗಿದೆ.