ಒಂದನೇ ಕ್ಲಾಸಿನ ಎರಡು ಸೆಕ್ಷನ್ ಸೇರಿಸಬೇಕಾ? ಹೊಸದಾಗಿ ಹೆಡ್ ಮಿಸ್ ಆದವಳ ಪ್ರಶ್ನೆ

ಹೊಸ ಹೆಡ್ ಮಿಸ್:
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಖಾಸಗಿ ಶಾಲೆ. ಹನ್ನೊಂದು ಜನ ಟೀಚರ್‌ಗಳು, ಆಫೀಸಿನಲ್ಲಿ ಒಬ್ಬರು, ಇಬ್ಬರು ಆಯಾ, ಒಬ್ಬ ಡ್ರೈವರ್. ಇಲ್ಲಿ ಎಂಟು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಹೋದ ತಿಂಗಳು ನನ್ನನ್ನೇ ಹೆಡ್ ಮಿಸ್ ಮಾಡಿದರು. ಮೂರೇ ವಾರಕ್ಕೆ ಒಂದನೇ ಕ್ಲಾಸ್ ಬಿ ಸೆಕ್ಷನ್ ಟೀಚರ್ ಕೆಲಸ ಬಿಟ್ಟರು. ಎರಡೂ ಸೆಕ್ಷನ್ ಸೇರಿಸಿಬಿಡಿ, ಒಬ್ಬ ಸಹಾಯಕಿ ಕೊಡುತ್ತೇವೆ ಅಂತಾರೆ ಮ್ಯಾನೇಜ್‌ಮೆಂಟ್‌ನವರು. 16 ಮತ್ತು 17, ಒಟ್ಟು 33 ಮಕ್ಕಳು. ಎ ಸೆಕ್ಷನ್ ಟೀಚರ್ ನನ್ನ ಆಪ್ತ ಗೆಳತಿ. ವಿಷಯ ತಿಳಿದಾಗಿನಿಂದ ಸರಿಯಾಗಿ ಮಾತಾಡುತ್ತಿಲ್ಲ. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಎಲ್ಲರೂ ಸುಮ್ಮನಾಗುತ್ತಾರೆ. ಏನು ಮಾಡಲಿ?

ನಿವೃತ್ತ ಮೇಷ್ಟ್ರು:
ಮೇಡಂ, ಸೇರಿಸಬೇಡಿ. ಹೊಸಬರು ಬರೋವರೆಗೆ ಬಿ ಸೆಕ್ಷನ್‌ನ ಎರಡು ಪೀರಿಯಡ್ ನೀವೇ ತೆಗೆದುಕೊಳ್ಳಿ.

ಯಾಕೆ ಹೇಳ್ತೀನಿ ಅಂದ್ರೆ, ನಾನು 19 ವರ್ಷ ಚಿಕ್ಕ ಶಾಲೆಯೊಂದರಲ್ಲಿ ಹೆಡ್ ಮಾಸ್ಟರ್ ಆಗಿದ್ದೆ. ಮೊದಲ ವರ್ಷ ಪಾಠ ಮಾಡುವುದನ್ನೇ ನಿಲ್ಲಿಸಿದ್ದೆ. ಟೈಮ್ ಎಲ್ಲಿದೆ ಅಂತ. ಯಾರಾದರೂ ರಜೆ ಹಾಕಿದರೆ, ಆ ಪೀರಿಯಡ್ ಡ್ರಾಯಿಂಗ್ ಟೀಚರ್‌ಗೆ. ಅವರಿಗೆ ಖಾಲಿ ಪೀರಿಯಡ್ ಜಾಸ್ತಿ ಇತ್ತು, ಇಲ್ಲ ಅನ್ನುವ ಸ್ವಭಾವವೂ ಅಲ್ಲ. ಒಂದು ದಿನ ಆಫೀಸಿನ ಅಕ್ಕ ಸಬ್‌ಸ್ಟಿಟ್ಯೂಷನ್ ಪುಸ್ತಕ ತಂದು ನನ್ನ ಮುಂದೆ ತೆರೆದಿಟ್ಟರು. ಒಂದೇ ತಿಂಗಳಲ್ಲಿ 14 ಪೀರಿಯಡ್, ಎಲ್ಲದರ ಮುಂದೆಯೂ ಅದೇ ಸಹಿ. ನಾನು ನೋಡಿ "ಹೂಂ" ಅಂದೆ, ಅಷ್ಟೇ. ವರ್ಷದ ಕೊನೆಗೆ ಆ ಟೀಚರ್ ಬಿಟ್ಟು ಹೋದರು. ರಾಜೀನಾಮೆಯಲ್ಲಿ ವೈಯಕ್ತಿಕ ಕಾರಣ ಅಂತ ಬರೆದಿದ್ದರು. ಕಾರಣ ನಾನೇ ಅಂತ ನನಗೆ ಗೊತ್ತು. ಮಕ್ಕಳು ಎರಡು ತಿಂಗಳು ಅವರನ್ನೇ ಕೇಳಿದವು.

ಮುಂದಿನ ವರ್ಷದಿಂದ ಆ ಪುಸ್ತಕದಲ್ಲಿ ಮೊದಲು ನನ್ನ ಹೆಸರು ಬರೆಯುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಮತ್ತೆ ಮಾತು ಶುರುವಾಗಿದ್ದು ಆಮೇಲೆಯೇ.

ಇನ್ನೊಂದು ಮಾತು. ಆಯಾಗಳನ್ನೂ ಮೀಟಿಂಗಿಗೆ ಕೂರಿಸಿಕೊಳ್ಳಿ. ಯಾವ ಮಗು ಡಬ್ಬಿ ಬಿಚ್ಚದೆ ವಾಪಸ್ ಒಯ್ಯುತ್ತೆ, ಯಾರು ಶೌಚಾಲಯಕ್ಕೆ ಹೋಗಲು ಹೆದರುತ್ತಾರೆ, ಇದೆಲ್ಲ ಅವರಿಗೆ ಗೊತ್ತಿರುತ್ತೆ. ಬಿಟ್ಟು ಹೋದ ಟೀಚರ್‌ಗೂ ಒಂದು ಫೋನ್ ಮಾಡಿ. ವಾಪಸ್ ಕರೆಯೋಕಲ್ಲ, ಏನಾಯ್ತು ಅಂತ ಕೇಳೋಕೆ.

ಚಾಕ್‌ಪೀಸ್:
ಮೇಷ್ಟ್ರ ಮಾತು ಒಪ್ಪುತ್ತೇನೆ. ಆದರೆ ಬೆಳಗಿನ ಮೊದಲ ಪೀರಿಯಡ್ ಇಟ್ಟುಕೊಳ್ಳಬೇಡಿ ಮೇಡಂ, ಆ ಹೊತ್ತಿಗೆ ನೀವು ಗೇಟಿನ ಹತ್ತಿರ ಇರಬೇಕು. ಅಪ್ಪ ಅಮ್ಮಂದಿರು ಮನಸ್ಸಿನ ಮಾತು ಹೇಳುವುದು ಅಲ್ಲೇ.

ಮ್ಯಾನೇಜ್‌ಮೆಂಟ್ ಮುಂದೆ ಇಡೋಕೆ ಒಂದು ವಿಷಯ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ, ಶಿಶುವಿಹಾರದಿಂದ ಮೂರನೇ ಕ್ಲಾಸಿನವರೆಗೆ ಒಂದು ದೊಡ್ಡ ಪ್ರಯೋಗ ಮಾಡಿದ್ದರು. ಸ್ಟಾರ್ ಅಂತ ಅದರ ಹೆಸರು. ಕೆಲವು ಕ್ಲಾಸಿನಲ್ಲಿ 13ರಿಂದ 17 ಮಕ್ಕಳು, ಕೆಲವದರಲ್ಲಿ 22ರಿಂದ 25, ಇನ್ನು ಕೆಲವದರಲ್ಲಿ ಅಷ್ಟೇ ಮಕ್ಕಳು, ಜೊತೆಗೆ ಪೂರ್ತಿ ದಿನ ಒಬ್ಬ ಸಹಾಯಕಿ. ಯಾವ ಮಗು ಎಲ್ಲಿ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದರು. ಚಿಕ್ಕ ಕ್ಲಾಸಿನ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದಿದ್ದರು. ಸಹಾಯಕಿ ಇದ್ದ ದೊಡ್ಡ ಕ್ಲಾಸಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ನಿಮಗೆ ಈಗ ಕೊಡ್ತೀವಿ ಅಂತಿರೋದು ಅದನ್ನೇ ಅಲ್ವಾ? ಅದೂ 33 ಮಕ್ಕಳಿಗೆ.

ಹೊಸ ಹೆಡ್ ಮಿಸ್:
ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಇವತ್ತು ಸಬ್‌ಸ್ಟಿಟ್ಯೂಷನ್ ಪುಸ್ತಕ ತೆಗೆದು ನೋಡಿದೆ. ಮೂರು ವಾರದಲ್ಲಿ ನನ್ನ ಗೆಳತಿಯ ಹೆಸರು ಒಂಬತ್ತು ಸಲ ಇದೆ. ಹಾಕಿದವಳು ನಾನೇ. ಗೆಳತಿ ಏನೂ ಅಂದುಕೊಳ್ಳಲ್ಲ ಅಂತ ಯೋಚಿಸದೆ ಬರೆದುಬಿಟ್ಟಿದ್ದೆ. ಸಂಜೆ ಅವಳ ಹತ್ತಿರ ಹೋಗಿ ಹೇಳಿದೆ. ಅತ್ತಳು, ನಾನೂ ಅತ್ತೆ.

ಮ್ಯಾನೇಜ್‌ಮೆಂಟ್ ಹತ್ತಿರ ಆರು ವಾರ ಸಮಯ ಕೇಳಿದ್ದೇನೆ, ನಾಲ್ಕು ಕೊಟ್ಟಿದ್ದಾರೆ. ನಾಳೆಯಿಂದ ಬಿ ಸೆಕ್ಷನ್‌ನ ಮೂರನೇ ಮತ್ತು ನಾಲ್ಕನೇ ಪೀರಿಯಡ್ ನನ್ನದು. ಕಿಟಕಿ ಪಕ್ಕ ಕೂರುವ ಹುಡುಗನಿಗೆ ಬೋರ್ಡ್ ಸರಿಯಾಗಿ ಕಾಣಲ್ಲ ಅಂತ ಆಯಾ ಹೇಳಿದರು. ಅವನನ್ನು ಮುಂದಿನ ಬೆಂಚಿಗೆ ಕರೆದುಕೊಳ್ಳಬೇಕು.