ಹಳೆಯ ಹಾರ್ಡ್ ಡಿಸ್ಕ್ ಕಳಚಿದರೆ ಹೊಸ ಎಸ್‌ಎಸ್‌ಡಿಯಿಂದ ವಿಂಡೋಸ್ ಏಳುತ್ತಿಲ್ಲ

ಪ್ರಶ್ನೆ – ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇವೆ. ಇಲ್ಲಿಯ ಕನ್ನಡ ಸಂಘದ ಸ್ಮರಣ ಸಂಚಿಕೆಯ ಪುಟವಿನ್ಯಾಸವನ್ನು ನಾನು ಅದರಲ್ಲಿಯೇ ಮಾಡುತ್ತ ಬಂದಿದ್ದೇನೆ. ಹಳೆಯ ನುಡಿ ತಂತ್ರಾಂಶ, ಅದರ ಯೂನಿಕೋಡ್ ಅಲ್ಲದ ಫಾಂಟುಗಳು, ಹಿಂದಿನ ಸಂಚಿಕೆಗಳ ಪೇಜ್‌ಮೇಕರ್ ಕಡತಗಳು ಎಲ್ಲವೂ ಅದರಲ್ಲಿ ಹದವಾಗಿ ಕೂತಿರುವುದರಿಂದ, ವಿಂಡೋಸನ್ನು ಹೊಸದಾಗಿ ಹಾಕಿಸದೆ ಇದ್ದುದನ್ನು ಇದ್ದ ಹಾಗೆಯೇ ಸಾಗಿಸುವುದೆಂದು ನಿರ್ಧರಿಸಿ, ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಲ್ಲಿ 500 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಕೊಂಡು ಅಲ್ಲಿಯೇ ಕ್ಲೋನ್, ಅಂದರೆ ಹಳೆಯ ಡಿಸ್ಕಿನ ಯಥಾನಕಲು, ಮಾಡಿಸಿದೆ.

ಮೊದಲು ಗುಂಡಿ ಒತ್ತಿ ಚಹಾ ಮಾಡಿಕೊಂಡು ಬಂದರೂ ಎದ್ದಿರದ ಯಂತ್ರ ಈಗ ಅರ್ಧ ನಿಮಿಷದೊಳಗೆ ಸಿದ್ಧವಾಗುತ್ತದೆ. ಆದರೆ ಹಳೆಯ ಡಿಸ್ಕನ್ನು ಜೋಪಾನವಾಗಿ ಎತ್ತಿಡೋಣವೆಂದು ಅದರ ಕೇಬಲ್ ಕಳಚಿದರೆ, ಬೂಟ್ ಮಾಡುವ ಸಾಧನ ಸಿಗಲಿಲ್ಲವೆಂಬ ಸಂದೇಶ ಕಪ್ಪು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಮತ್ತೆ ಜೋಡಿಸಿದರೆ ಸರಿಯಾಗುತ್ತದೆ. ಆ ಡಿಸ್ಕು ಕೆಲವು ದಿನಗಳಿಂದ ಟಿಕ್ ಟಿಕ್ ಎನ್ನುತ್ತಿರುವುದರಿಂದ ಅದನ್ನು ನಂಬಿ ಕೂರುವಂತಿಲ್ಲ. ಅಂಗಡಿಯವರು ಎರಡನ್ನೂ ಹಾಗೆಯೇ ಇಟ್ಟುಕೊಳ್ಳಿ ಎನ್ನುತ್ತಾರೆ. ಕ್ಲೋನ್ ಪೂರ್ತಿಯಾಗಿಲ್ಲವೇ?

ಉತ್ತರ 1 – ಪಿಂಪ್ರಿ, ಪುಣೆಯಿಂದ

ನಮಸ್ಕಾರ ಮೇಡಂ. ನಿಮ್ಮ ಅನುಮಾನ ಸರಿಯಾಗಿದೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಇಡೀ ಡಿಸ್ಕನ್ನು ನಕಲು ಮಾಡಿದಂತಿಲ್ಲ. ವಿಂಡೋಸ್ ಇರುವ ಸಿ ವಿಭಾಗವನ್ನು ಮಾತ್ರ ಎಸ್‌ಎಸ್‌ಡಿಗೆ ಸಾಗಿಸಿ, ಹಳೆಯ ಡಿಸ್ಕಿನಲ್ಲಿರುವ ಬೂಟ್ ಕಡತಗಳನ್ನೇ (ಯಂತ್ರ ಚಾಲೂ ಆದಾಗ ವಿಂಡೋಸನ್ನು ಎಬ್ಬಿಸುವ ಕಡತಗಳು) ಹೊಸ ಸಿ ಕಡೆಗೆ ತಿರುಗಿಸಿದ್ದಾರೆ. ಹೀಗಾಗಿ ಬಾಗಿಲು ಹಳೆಯ ಮನೆಯಲ್ಲಿ, ವಾಸ ಹೊಸ ಮನೆಯಲ್ಲಿ ಎಂಬಂತಾಗಿದೆ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇದು ಖಚಿತವಾಗುತ್ತದೆ. ಅಲ್ಲಿ ಹಳೆಯ ಡಿಸ್ಕಿನ ಒಂದು ಸಣ್ಣ ವಿಭಾಗದ ಮೇಲೆ ‘ಸಿಸ್ಟಮ್, ಆ್ಯಕ್ಟಿವ್’ ಎಂದೂ ಎಸ್‌ಎಸ್‌ಡಿಯ ಸಿ ಮೇಲೆ ‘ಬೂಟ್’ ಎಂದೂ ಬರೆದಿರಬೇಕು. ಈ ಹೆಸರುಗಳು ಅನೇಕರ ದಾರಿ ತಪ್ಪಿಸಿವೆ: ಮೈಕ್ರೋಸಾಫ್ಟ್‌ನ ಪರಿಭಾಷೆಯಲ್ಲಿ ಬೂಟ್ ಕಡತಗಳಿರುವ ವಿಭಾಗ ಸಿಸ್ಟಮ್, ವಿಂಡೋಸ್ ಇರುವ ವಿಭಾಗ ಬೂಟ್. ಜೊತೆಗೆ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯಾಸ್ ಮೋಡ್ ಎಂಬ ಸಾಲನ್ನು ಓದಿ, ಲೆಗಸಿಯೋ (ಯಂತ್ರ ಚಾಲೂ ಆಗುವ ಹಳೆಯ ಬಯಾಸ್ ರೀತಿ) ಯುಇಎಫ್‌ಐಯೋ (ಹೊಸ ರೀತಿ) ಎಂದು ತಿಳಿಸಿ. ಯುಇಎಫ್‌ಐ ಆಗಿದ್ದರೆ ಎಸ್‌ಎಸ್‌ಡಿ ಜಿಪಿಟಿ ಎಂಬ ಹೊಸ ವಿಭಾಗ ಪಟ್ಟಿಯ ಮಾದರಿಯದಾಗಿರಬೇಕು ಮತ್ತು ಫ್ಯಾಟ್32 ರೂಪದ ಸಣ್ಣ ಇಎಫ್‌ಐ ವಿಭಾಗವೊಂದನ್ನು ಅದರಲ್ಲಿ ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ.

ಲೆಗಸಿ ಆಗಿದ್ದರೆ ಕೆಲಸ ಸುಲಭ. ಮೊದಲು ಸಂಚಿಕೆಯ ಕಡತಗಳನ್ನೆಲ್ಲ ಬೇರೊಂದು ಯುಎಸ್‌ಬಿ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಬಳಿಕ ಯಂತ್ರವನ್ನು ಪೂರ್ತಿ ಆರಿಸಿ, ಹಳೆಯ ಡಿಸ್ಕನ್ನು ಕಳಚಿ, ವಿಂಡೋಸ್ 10 ಇನ್‌ಸ್ಟಾಲೇಷನ್ ಪೆನ್‌ಡ್ರೈವ್‌ನಿಂದ ಲೆಗಸಿ ರೀತಿಯಲ್ಲಿಯೇ ಬೂಟ್ ಮಾಡಿ, ರಿಪೇರಿ ಆಯ್ಕೆಯ ಮೂಲಕ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ. ಡಿಸ್ಕಿನ ವಿಭಾಗಗಳನ್ನು ನಿರ್ವಹಿಸುವ ಡಿಸ್ಕ್‌ಪಾರ್ಟ್‌ನಲ್ಲಿ ವಿಂಡೋಸ್ ಇರುವ ವಿಭಾಗವನ್ನು ಆರಿಸಿ ಆ್ಯಕ್ಟಿವ್ ಮಾಡಿ. ಹೊರಬಂದು, ಬೂಟ್ ಕಡತಗಳನ್ನು ಹೊಸದಾಗಿ ಬರೆಯುವ ಬಿಸಿಡಿಬೂಟ್ ಕಮಾಂಡಿಗೆ ಅದೇ ವಿಭಾಗದ ವಿಂಡೋಸ್ ಫೋಲ್ಡರನ್ನು ಮೂಲವಾಗಿಯೂ ಅದೇ ವಿಭಾಗವನ್ನು ಗುರಿಯಾಗಿಯೂ ಕೊಟ್ಟು, ಮಾದರಿ ಬಯಾಸ್ ಎಂದು ನಮೂದಿಸಿ. ಹಳೆಯ ಡಿಸ್ಕ್ ಜೋಡಿಸಿಕೊಂಡೇ ಇದನ್ನು ಮಾಡಿದರೆ ಕಡತಗಳು ಮತ್ತೆ ಅದರೊಳಗೇ ಹೋಗಿ ಕೂರುವ ಅಪಾಯವಿದೆ. ಅಂಗಡಿಯಲ್ಲಿ ನಡೆದಿರುವುದೂ ಬಹುಶಃ ಅದೇ.

ಉತ್ತರ 2 – ಮಡಗಾಂವ್, ಗೋವಾದಿಂದ

ಮೇಲಿನ ವಿಧಾನಕ್ಕೆ ನನ್ನ ತಕರಾರಿಲ್ಲ. ಆದರೂ ಹಳೆಯ ವಿಂಡೋಸನ್ನು ಹೊಸ ಡಿಸ್ಕಿಗೆ ಹೊತ್ತೊಯ್ಯುವುದೆಂದರೆ ವರ್ಷಗಳ ಕಸವನ್ನೂ ಹೊತ್ತೊಯ್ದಂತೆ ಎಂಬುದು ನನ್ನ ಅಭಿಪ್ರಾಯ. ಆ್ಯಕ್ಟಿವೇಷನ್ (ವಿಂಡೋಸ್ ಪರವಾನಗಿಯ ದೃಢೀಕರಣ) ಹೋಗಿಬಿಡುತ್ತದೆ ಎಂಬ ಭಯದಿಂದ ಹಲವರು ಹೊಸದಾಗಿ ಹಾಕಲು ಹಿಂಜರಿಯುತ್ತಾರೆ. ಆದರೆ ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಡಿಸ್ಕ್ ಬದಲಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ಹಳೆಯ ಪೇಜ್‌ಮೇಕರ್‌ನ ಸಿಡಿ ನಿಮ್ಮಲ್ಲಿ ಉಳಿದಿಲ್ಲದಿದ್ದರೆ ಮಾತ್ರ ನಿಮ್ಮ ದಾರಿಯೇ ಸರಿ.

ಇನ್ನೊಂದು ಮಾತು. ಟಿಕ್ ಟಿಕ್ ಎನ್ನುವ ಡಿಸ್ಕಿನಿಂದ ಮತ್ತೊಮ್ಮೆ ಪೂರ್ತಿ ಕ್ಲೋನ್ ಮಾಡಲು ದಯವಿಟ್ಟು ಯಾರಿಗೂ ಕೊಡಬೇಡಿ. ಗಂಟೆಗಟ್ಟಲೆ ಒಂದೇ ಸಮನೆ ಓದಿಸುವುದು ಅಂತಹ ಡಿಸ್ಕಿನ ಕೊನೆಯ ಓಟವಾಗಬಹುದು.

ಪ್ರಶ್ನೆ ಕೇಳಿದವರು – ಡೊಂಬಿವಲಿಯಿಂದ

ಇಬ್ಬರಿಗೂ ಧನ್ಯವಾದಗಳು. ಬಯಾಸ್ ಮೋಡ್ ಲೆಗಸಿ ಎಂದೇ ಇತ್ತು. ಹಳೆಯ ಡಿಸ್ಕಿನಲ್ಲಿ 500 ಎಂಬಿಯ ‘ಸಿಸ್ಟಮ್ ರಿಸರ್ವ್ಡ್’ ವಿಭಾಗವೂ ಕಾಣಿಸಿತು. ಸಿಡಿ ಯಾವತ್ತೋ ಕಳೆದುಹೋಗಿರುವುದರಿಂದ ಪಿಂಪ್ರಿಯವರು ಹೇಳಿದಂತೆಯೇ ಮಾಡಿದೆ. ಮೊದಲ ಸಲ ಬಿಸಿಡಿಬೂಟ್ ಕೆಲಸ ಮಾಡಲಿಲ್ಲ. ನಾನು ಕಣ್ಣುಮುಚ್ಚಿ ಸಿ ಎಂದು ಬರೆದಿದ್ದೆ. ಡಿಸ್ಕ್‌ಪಾರ್ಟ್‌ನ ಪಟ್ಟಿಯಲ್ಲಿ ನೋಡಿದರೆ ಪೆನ್‌ಡ್ರೈವ್ ತಾನೇ ಸಿ ಆಗಿ, ನನ್ನ ವಿಂಡೋಸ್ ಡಿ ಆಗಿತ್ತು! ಅಕ್ಷರ ಬದಲಿಸಿದ ಮೇಲೆ ಬೂಟ್ ಕಡತಗಳು ಸಿದ್ಧವಾದವೆಂಬ ಸಾಲು ಬಂತು, ಪೆನ್‌ಡ್ರೈವ್ ತೆಗೆದು ಮತ್ತೆ ಚಾಲೂ ಮಾಡಿದಾಗ ಹಳೆಯ ಡಿಸ್ಕ್ ಇಲ್ಲದೆಯೇ ವಿಂಡೋಸ್ ಎದ್ದಿತು. ನುಡಿಯಲ್ಲಿ ಕಳೆದ ವರ್ಷದ ಸಂಪಾದಕೀಯ ತೆರೆದು ನೋಡಿದೆ, ಒತ್ತಕ್ಷರಗಳೆಲ್ಲ ಸ್ವಸ್ಥಾನದಲ್ಲಿವೆ. ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆಯಲ್ಲ, ಇದನ್ನೇ 11ಕ್ಕೆ ಏರಿಸಬಹುದೇ?

ಉತ್ತರ 3 – ಪಿಂಪ್ರಿ, ಪುಣೆಯಿಂದ

ಅಕ್ಷರ ಬದಲಾಗುವ ವಿಷಯವನ್ನು ನಾನೇ ಮೊದಲು ಹೇಳಬೇಕಿತ್ತು, ಕ್ಷಮಿಸಿ. ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಯುಇಎಫ್‌ಐ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು; ಇಂಟೆಲ್ ಆಗಿದ್ದರೆ ಬಹುತೇಕ ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರ್ ಇರಬೇಕು. ಇವೆಲ್ಲ ನಿಮ್ಮ ಯಂತ್ರದಲ್ಲಿದ್ದರೆ, ಎಂಬಿಆರ್2ಜಿಪಿಟಿ ಎಂಬ ವಿಂಡೋಸ್‌ನದೇ ಸಾಧನ ಡಿಸ್ಕನ್ನು ಅಳಿಸದೆ ಹಳೆಯ ಎಂಬಿಆರ್ ಮಾದರಿಯಿಂದ ಜಿಪಿಟಿಗೆ ಬದಲಿಸಿ ಇಎಫ್‌ಐ ವಿಭಾಗವನ್ನೂ ತಾನೇ ಮಾಡುತ್ತದೆ. ಇಲ್ಲದಿದ್ದರೆ ಅಂತರ್ಜಾಲದ ಕೆಲಸಗಳನ್ನು ಬೇರೆ ಯಂತ್ರಕ್ಕೆ ವರ್ಗಾಯಿಸಿ, ಇದನ್ನು ನುಡಿಗೆ ಮತ್ತು ಸಂಚಿಕೆಗೆ ಮೀಸಲಿಡಿ. ಹಳೆಯ ಡಿಸ್ಕನ್ನು ಸದ್ಯಕ್ಕೆ ಅಳಿಸಬೇಡಿ. ಈ ಸಲದ ಸಂಚಿಕೆ ಮುದ್ರಣಕ್ಕೆ ಹೋಗುವವರೆಗಾದರೂ ದಿನಾಂಕದ ಚೀಟಿ ಅಂಟಿಸಿ ಕಪಾಟಿನಲ್ಲಿಡಿ.